ಅಜ್ಜನ ಮನೆ ಕೆಡವುವ ಮುನ್ನ

ತೀರ್ಥಹಳ್ಳಿ ಹತ್ತಿರದ ಅಜ್ಜನ ತೊಟ್ಟಿಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಲು ಮಾವ ಹೊರಟಿದ್ದಾರೆ. ಬೇಡ ಎನ್ನುವುದು ನನ್ನ ವಾದ.

ಆಗುಂಬೆಯ ದೊಡ್ಡಮನೆ ನೋಡಿ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಆ ಹಳೆಯ ಮನೆಯಲ್ಲಿ ಉಳಿಯಲು ದೂರದಿಂದ ಜನ ಬರುತ್ತಾರೆ. ಜಪಾನಿನಲ್ಲಿ ಇಂಥ ವಸತಿಮನೆಗೆ ರ್ಯೋಕಾನ್ ಎನ್ನುತ್ತಾರೆ: ಚಪ್ಪಲಿ ಹೊರಗೆ, ಚಾಪೆ ಹಾಸಿದ ನೆಲ, ಊರಿನದೇ ಊಟ. ಕೆಲವು ಕಡೆ ಮಲಗಲು ಮಾತ್ರ ಜಾಗ. ಊಟಕ್ಕೆ ಅತಿಥಿಗಳು ಪಕ್ಕದ ಹೋಟೆಲಿಗೆ ಹೋಗುತ್ತಾರೆ. ಹಣ ಇಡೀ ಬೀದಿಗೆ ಹಂಚಿಹೋಗುತ್ತದೆ.

ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ ನಿಂತಿದೆ; ನಾವೆಲ್ಲ ಬೆಂಗಳೂರಿನ ಬಸ್ಸು ಕಾಯುತ್ತಿದ್ದೇವೆ. ಇದರಿಂದ ಎಲ್ಲರಿಗೂ ಕೆಲಸ ಸಿಗದು, ನಿಜ. ಆದರೆ ತೊಟ್ಟಿಮನೆಯಲ್ಲಿ ನಾಲ್ಕು ಕೋಣೆ, ಪಕ್ಕದಲ್ಲಿ ಕಡುಬು, ಅಕ್ಕಿರೊಟ್ಟಿಯ ಹೋಟೆಲು ಇದ್ದರೆ ನಾಲ್ಕು ಮಂದಿಗಾದರೂ ಊರಲ್ಲೇ ಅನ್ನ.

ಮಾವ, ಒಂದು ವರ್ಷ ತಡೀರಿ.