ಸಾಬೂನಿನ ಲೆಕ್ಕದಲ್ಲಿ ಅಮ್ಮಿಯ ಕೂಲಿ ಎಲ್ಲಿ?

ಮನೆಯಲ್ಲೇ ಬಟ್ಟೆ ಸಾಬೂನು ಮಾಡಿದರೆ ಹಣ ಉಳಿಯುತ್ತದೆ ಎಂದು ಹೇಳುವವರು ಅರ್ಧ ಲೆಕ್ಕ ಮಾತ್ರ ಹೇಳುತ್ತಾರೆ. ಉಳಿದ ಅರ್ಧವನ್ನು ನಮ್ಮ ವಾಣಿಜ್ಯ ವಿಭಾಗದವರಾದರೂ ಕೇಳಬೇಕಿತ್ತು. ಆದರೆ ಈ ಸಲದ ಮೇಳದಲ್ಲಿ ಸಾಬೂನು, ಫಿನಾಯಿಲ್, ಉಪ್ಪಿನಕಾಯಿ ಇಟ್ಟಿದ್ದ ಮಳಿಗೆಗಳ ಖರ್ಚಿನ ಹಾಳೆಗಳಲ್ಲಿ ಎಣ್ಣೆ, ಸೋಡಾ, ಸೆಂಟು, ಕವರು, ಆಟೋ ಬಾಡಿಗೆ ಎಲ್ಲವೂ ಇದ್ದವು, ಕೂಲಿ ಎಂಬ ಸಾಲು ಮಾತ್ರ ಇರಲಿಲ್ಲ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಮನೆಯಲ್ಲಿ ಅಮ್ಮ ಮಾಡಿಕೊಟ್ಟದ್ದು."

ಇದೇ ನಾವು ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಜಿಡಿಪಿಯ ಕೊರತೆಗಳೇನು ಎಂಬ ಪ್ರಶ್ನೆ ಬಂದರೆ, ಮನೆಯಲ್ಲಿ ಹೆಂಗಸರು ಸಂಬಳವಿಲ್ಲದೆ ಮಾಡುವ ಕೆಲಸ ಅದರಲ್ಲಿ ಸೇರುವುದಿಲ್ಲ ಎಂದು ಬರೆದು ಅಂಕ ತೆಗೆದುಕೊಳ್ಳುತ್ತೇವೆ. ದೇಶದ ಲೆಕ್ಕದಲ್ಲಿ ಅದು ಕೊರತೆ, ನಮ್ಮ ಮಳಿಗೆಯ ಲೆಕ್ಕದಲ್ಲಿ ಲಾಭ!

ನಾನು ಇದನ್ನು ಬರೆಯಲು ಕಾರಣ ನಮ್ಮ ಮನೆಯ ಹಿತ್ತಲಿನಲ್ಲೇ ಇದೆ. ನಮ್ಮ ಅಮ್ಮಿ ಎರಡು ವರ್ಷದಿಂದ ಕರಿದ ಎಣ್ಣೆಯಲ್ಲಿ ಸಾಬೂನು ಮಾಡುತ್ತಿದ್ದಾರೆ. ರಂಜಾನ್ ತಿಂಗಳಲ್ಲಿ ದಿನಾ ಸಮೋಸ, ಪಕೋಡ ಕರಿದು ಎಣ್ಣೆ ಉಳಿಯುತ್ತದೆ. ಅದನ್ನು ಮತ್ತೆ ಮತ್ತೆ ಕಾಯಿಸಿ ತಿನ್ನುವುದು ಒಳ್ಳೆಯದಲ್ಲ. ಕಾಯ್ದು ಕಾಯ್ದು ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ದಾಟಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂದು 2018ರ ಜುಲೈನಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೂ ಇದೆ. ಚರಂಡಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಸಾಬೂನು. ಮೊದಲು ನಮ್ಮ ಮನೆಗಷ್ಟೇ ಇತ್ತು, ಆಮೇಲೆ ಇಬ್ಬರು ಖಾಲಾಗಳು ಮತ್ತು ಪಕ್ಕದ ಮನೆಯ ಆಂಟಿ ಸೇರಿಕೊಂಡರು. ಈಗ ನಮ್ಮ ಮೊಹಲ್ಲಾದಲ್ಲಿ ಬಿಲ್ಲೆಗೆ 10 ರೂಪಾಯಿಯಂತೆ ಮಾರುತ್ತಾರೆ.

ಮೊಬೈಲ್ ವಿಡಿಯೋ ನೋಡಿದವರಿಗೆ ಇದು ಹಿಟ್ಟು ಕಲಸಿದಷ್ಟು ಸುಲಭ ಅನಿಸುತ್ತದೆ. ಸಾಬೂನು ಎಂದರೆ ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿ ಆಗುವ ವಸ್ತು, ಜೊತೆಗೆ ಗ್ಲಿಸರಿನ್ ಕೂಡ ಹುಟ್ಟುತ್ತದೆ. ಯಾವ ಎಣ್ಣೆಗೆ ಎಷ್ಟು ಕಾಸ್ಟಿಕ್ ಎಂಬುದು ಬೇರೆ ಬೇರೆ. ಒಂದು ಕೆಜಿ ತೆಂಗಿನೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಬೇಕು, ಸೂರ್ಯಕಾಂತಿ ಎಣ್ಣೆಗೆ ಸುಮಾರು 135 ಗ್ರಾಂ ಸಾಕು. ತೆಂಗಿನೆಣ್ಣೆಯ ಅಳತೆಯನ್ನು ಸೂರ್ಯಕಾಂತಿ ಎಣ್ಣೆಗೆ ಹಾಕಿದರೆ ಕೆಜಿಗೆ ಹತ್ತಿರ ಹತ್ತಿರ 50 ಗ್ರಾಂ ಕಾಸ್ಟಿಕ್ ಹಾಗೇ ಉಳಿದು, ಒಗೆಯುವವರ ಕೈ ಸುಡುತ್ತದೆ. "ಒಂದು ಲೋಟ, ಅರ್ಧ ಲೋಟ" ಎಂದು ತೋರಿಸುವ ವಿಡಿಯೋಗಳನ್ನು ನಂಬಬೇಡಿ. ತೂಕದ ಯಂತ್ರ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಲೇಬಾರದು.

ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಬೆಂಕಿಯಿಲ್ಲದೆಯೇ ಆ ನೀರು ಕುದಿಯುವಷ್ಟು ಬಿಸಿಯಾಗುತ್ತದೆ, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಿದರೆ ಪಾತ್ರೆಯನ್ನೇ ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೀಲು ಅಥವಾ ಗಟ್ಟಿ ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಅಮ್ಮಿ ಕಾಸ್ಟಿಕ್ ಕಲಸುವಾಗ ರಬ್ಬರ್ ಗ್ಲೌಸ್ ಹಾಕಿ, ಕನ್ನಡಕ ಹಾಕಿ, ನನ್ನ ತಮ್ಮನನ್ನು ಅಬ್ಬಾನ ಜೊತೆ ಹೊರಗೆ ಕಳಿಸಿ ಹಿತ್ತಲಿಗೆ ಹೋಗುತ್ತಾರೆ. ಅಚ್ಚಿಗೆ ಸುರಿದ ಮೇಲೂ ಕೆಲಸ ಮುಗಿಯಲಿಲ್ಲ. ಮಾರನೇ ದಿನ ಕತ್ತರಿಸಬೇಕು, ನಾಲ್ಕರಿಂದ ಆರು ವಾರ ಗಾಳಿಯಲ್ಲಿಟ್ಟು ಮಗುಚಬೇಕು. ಒಳ್ಳೆಯ ಸಾಬೂನಿನ ಪಿಎಚ್ 9ರಿಂದ 10ರ ಆಸುಪಾಸು ಇರುತ್ತದೆ, ಪಿಎಚ್ ಕಾಗದ 12ರ ಹತ್ತಿರ ತೋರಿಸಿದರೆ ಆ ಬಿಲ್ಲೆ ಮಾರುವಂತಿಲ್ಲ.

ಈಗ ಲೆಕ್ಕ. ನಮ್ಮ ಅಮ್ಮಿ ಒಂದು ಸಲಕ್ಕೆ ಮೂರು ಕೆಜಿ ಎಣ್ಣೆಯ ಸಾಬೂನು ಮಾಡುತ್ತಾರೆ. ಮನೆಗಳ ಎಣ್ಣೆ ಸಾಲದೆ ಈಗ ಬೋಂಡಾ ಅಂಗಡಿಯಿಂದ ಕೆಜಿಗೆ 40 ರೂಪಾಯಿ ಕೊಟ್ಟು ತರುತ್ತಾರೆ, ಅದು 120. ಕಾಸ್ಟಿಕ್ 400 ಗ್ರಾಂ, 40 ರೂಪಾಯಿ. ಸೆಂಟು 20, ಸುತ್ತುವ ಕಾಗದ ಮತ್ತು ಗ್ಲೌಸಿನ ಸವೆತ 20. ಒಟ್ಟು 200 ರೂಪಾಯಿ. ಅದರಿಂದ ನೂರು ಗ್ರಾಮಿನ 40 ಬಿಲ್ಲೆ ಬರುತ್ತವೆ. ಹತ್ತರಂತೆ ಮಾರಿದರೆ 400. ಅರ್ಧಕ್ಕರ್ಧ ಲಾಭ ಎಂದು ಎಲ್ಲರಿಗೂ ಖುಷಿ.

ನಾನು ಒಂದು ತಿಂಗಳು ಗಡಿಯಾರ ನೋಡಿ ಬರೆದಿಟ್ಟೆ. ಎಣ್ಣೆ ಸೋಸುವುದು, ತೂಗುವುದು, ಕಲಸುವುದು, ಕತ್ತರಿಸುವುದು, ಮಗುಚುವುದು, ಸುತ್ತುವುದು ಎಲ್ಲ ಸೇರಿ ಒಂದು ಸಲಕ್ಕೆ ಆರು ಗಂಟೆ. ಮನೆ ಮನೆಗೆ ಹೋಗಿ ಮಾರುವ ಹೊತ್ತು ಇದರಲ್ಲಿ ಸೇರಿಲ್ಲ. 200 ರೂಪಾಯಿಯನ್ನು ಆರರಿಂದ ಭಾಗಿಸಿದರೆ ಗಂಟೆಗೆ 33 ರೂಪಾಯಿ. ಎಂಟು ಗಂಟೆಯ ದಿನಕ್ಕೆ 267. ಕರ್ನಾಟಕದಲ್ಲಿ 2024-25ರ ನರೇಗಾ ದಿನಗೂಲಿ 349 ರೂಪಾಯಿ ಇತ್ತು. ಕಾಸ್ಟಿಕ್ ಮುಟ್ಟುವ ಕೆಲಸಕ್ಕೆ ಕೆರೆ ಹೂಳೆತ್ತುವ ಕೂಲಿಯಷ್ಟೂ ಹುಟ್ಟುವುದಿಲ್ಲ ಎಂದಾಯಿತು. ಅದನ್ನೂ ನಾಲ್ವರು ಹಂಚಿಕೊಳ್ಳಬೇಕು.

ಇನ್ನೊಂದು ವಿಷಯ ಇದೇ ಲೆಕ್ಕದಲ್ಲಿ ಕಂಡಿತು. ಎಣ್ಣೆ ಮನೆಯದೇ ಆದಾಗ ಆ 120 ರೂಪಾಯಿ ಖರ್ಚಿಲ್ಲ, ಆಗ ಗಂಟೆಗೆ 53 ರೂಪಾಯಿ ಬರುತ್ತದೆ, ದಿನಕ್ಕೆ 427. ಅಂದರೆ ಇಷ್ಟು ದಿನ ಲಾಭ ಕೊಡುತ್ತಿದ್ದದ್ದು ಪುಕ್ಕಟೆ ಎಣ್ಣೆ. ಎಣ್ಣೆ ಕೊಂಡು ವ್ಯಾಪಾರ ದೊಡ್ಡದು ಮಾಡಿದಷ್ಟೂ ಆ ಲಾಭ ಬೋಂಡಾ ಅಂಗಡಿಗೆ ಹೋಗುತ್ತದೆ.

ಇದೆಲ್ಲ ಈಗ ಯಾಕೆ ಮುಖ್ಯವಾಯಿತೆಂದರೆ, ಕಿರಾಣಿ ಅಂಗಡಿಯವರೊಬ್ಬರು ಬಿಲ್ಲೆಗೆ 8 ರೂಪಾಯಿಯಂತೆ ಕೊಟ್ಟರೆ ತಿಂಗಳಿಗೆ 400 ಬಿಲ್ಲೆ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಸಂತೋಷ, ನನಗೆ ಇಲ್ಲ. ಎಂಟು ರೂಪಾಯಿಗೆ ಕೊಟ್ಟರೆ ಒಂದು ಸಲಕ್ಕೆ ಉಳಿಯುವುದು 120, ಗಂಟೆಗೆ 20 ರೂಪಾಯಿ. ತಿಂಗಳಿಗೆ ಹತ್ತು ಸಲ ಮಾಡಬೇಕು, ಅರವತ್ತು ಗಂಟೆ ಕೆಲಸಕ್ಕೆ 1,200 ರೂಪಾಯಿ. ನಾಲ್ಕು ಮನೆಗೆ ಹಂಚಿದರೆ 300. ಅಮ್ಮಿ ಈಗ ಮಧ್ಯಾಹ್ನ ಬ್ಲೌಸ್ ಹೊಲಿಯುತ್ತಾರೆ. ಆ ಹೊತ್ತು ಸಾಬೂನಿಗೆ ಹೋದರೆ ಹೊಲಿಗೆಯ ದುಡ್ಡು ಹೋಗುತ್ತದೆ. ನಮ್ಮ ಪುಸ್ತಕದಲ್ಲಿ ಇದಕ್ಕೆ ಅವಕಾಶ ವೆಚ್ಚ ಎಂಬ ಹೆಸರಿದೆ. ಇದನ್ನು ಹೇಳಿದಾಗ ಅಮ್ಮಿ ಉರ್ದುವಿನಲ್ಲಿ ಅಂದದ್ದನ್ನು ಕನ್ನಡದಲ್ಲಿ ಬರೆದರೆ ಹೀಗೆ: "ಮನೇಲಿ ಕೂತು ಮಾಡೋದಕ್ಕೆ ಏನು ಕೂಲಿ ಬೇಟಿ?" ನನ್ನ ವಾದವೆಲ್ಲ ಈ ಮಾತಿನ ಮೇಲೇ. ಮನೆಯಲ್ಲಿ ಕೂತು ಮಾಡಿದರೂ ಬೆನ್ನು ನೋಯುತ್ತದೆ, ಅಂಗಡಿಯವರಿಗೆ ಸಿಗುವ ಲಾಭವೇನೂ ಕಡಿಮೆಯಾಗುವುದಿಲ್ಲ.

ಖಾಲಾ ನಿರ್ಮಾದ ಉದಾಹರಣೆ ಕೊಟ್ಟರು. ಮೇಳದಲ್ಲಿ ಮಾತಾಡಿದ ಅತಿಥಿಗಳೂ ಅದನ್ನೇ ಕೊಟ್ಟಿದ್ದರು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಮನೆಯ ಹಿತ್ತಲಿನಲ್ಲಿ ಪುಡಿ ಮಾಡಿ, ಸೈಕಲ್ ಮೇಲೆ ಮನೆ ಮನೆಗೆ ಮಾರಿದ್ದು ನಿಜ. ದೊಡ್ಡ ಕಂಪನಿಯ ಪುಡಿಗಿಂತ ತುಂಬಾ ಅಗ್ಗಕ್ಕೆ ಕೊಟ್ಟು ಗೆದ್ದದ್ದೂ ನಿಜ. ಆದರೆ ಅವರು ರಸಾಯನಶಾಸ್ತ್ರ ಓದಿದವರು, ಗುಜರಾತ್ ಸರ್ಕಾರದ ಗಣಿ ಇಲಾಖೆಯಲ್ಲಿ ಸಂಬಳದ ನೌಕರಿಯಲ್ಲಿದ್ದುಕೊಂಡೇ ಇದನ್ನು ಶುರು ಮಾಡಿದರು. ತಿಂಗಳ ಸಂಬಳ ಇದ್ದವರು ತಮ್ಮ ಕೂಲಿಯನ್ನು ಕೆಲವು ವರ್ಷ ಬಿಟ್ಟುಕೊಡಬಹುದು. ನಮ್ಮ ಮೊಹಲ್ಲಾದ ನಾಲ್ಕು ಹೆಂಗಸರಿಗೆ ಆ ಸಂಬಳವನ್ನು ಯಾರು ಕೊಡುತ್ತಾರೆ? ಅಲ್ಲದೆ ಅವರು ಮಾರಿದ್ದು ಡಿಟರ್ಜೆಂಟ್, ಸಾಬೂನಲ್ಲ. ಈ ವ್ಯತ್ಯಾಸ ನಮ್ಮ ಚಿತ್ರದುರ್ಗದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಬಿಳಿ ಜಿಡ್ಡಾಗುತ್ತವೆ. ನೊರೆ ಬರುವುದಿಲ್ಲ, ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಡಿಟರ್ಜೆಂಟಿಗೆ ಈ ತೊಂದರೆ ಕಡಿಮೆ. ನೀರಿಗೆ ಮೊದಲು ಸ್ವಲ್ಪ ವಾಷಿಂಗ್ ಸೋಡಾ ಹಾಕಿದರೆ, ಅಥವಾ ಮಳೆ ನೀರಿನಲ್ಲಿ ಒಗೆದರೆ ಅಮ್ಮಿಯ ಸಾಬೂನು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಇದನ್ನು ಕಾಗದದ ಮೇಲೇ ಬರೆಯಬೇಕೆಂಬುದು ನನ್ನ ಅಭಿಪ್ರಾಯ.

ಅಂಗಡಿಯವರು ಬರೆಯಲು ಹೇಳಿದ್ದು ಬೇರೆ: "ಕೆಮಿಕಲ್ ಇಲ್ಲದ ಸಾಬೂನು." ಕಾಸ್ಟಿಕ್ ಇಲ್ಲದೆ ಬಟ್ಟೆ ಸಾಬೂನಿನ ಬಿಲ್ಲೆ ಆಗುವುದಿಲ್ಲ. ಅಳತೆ ಸರಿಯಿದ್ದರೆ ಕೊನೆಗೆ ಅದು ಉಳಿಯುವುದಿಲ್ಲ ಎಂಬುದು ಬೇರೆ ಮಾತು. ತೂಕದಲ್ಲೂ ಒಂದು ಮೋಸದ ದಾರಿಯಿದೆ. ಹಸಿ ಬಿಲ್ಲೆ ಒಣಗಿದ ಮೇಲೆ ತೂಕ ಇಳಿಯುತ್ತದೆ, ಕತ್ತರಿಸಿದ ದಿನವೇ ನೂರು ಗ್ರಾಂ ಎಂದು ಬರೆದರೆ ಕೊಳ್ಳುವವರ ಕೈಗೆ ಬರುವುದು ತೊಂಬತ್ತು. ಅಮ್ಮಿ ಈ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. 110 ಗ್ರಾಮಿಗೆ ಕತ್ತರಿಸಿ, ಒಣಗಿದ ಮೇಲೆ ಮತ್ತೆ ತೂಗುತ್ತಾರೆ. ತೂಕದಲ್ಲಿ ಕಡಿಮೆ ಕೊಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಸೂರಾವೇ ಇದೆ ಎಂದು ನೆನಪಿಸಲು ಅವರಿಗೆ ಯಾವ ಪುಸ್ತಕವೂ ಬೇಕಿಲ್ಲ. ಇಷ್ಟು ನಿಯತ್ತಿನಿಂದ ತೂಗುವವರು ತಮ್ಮ ಕೆಲಸವನ್ನೂ ತಕ್ಕಡಿಗೆ ಇಡಬೇಕಲ್ಲವೇ?

ನನ್ನ ಲೆಕ್ಕದ ಪ್ರಕಾರ ನರೇಗಾ ಕೂಲಿಯಷ್ಟಾದರೂ ಬರಬೇಕಾದರೆ ಬಿಲ್ಲೆಗೆ 12 ರೂಪಾಯಿ ಬೀಳುತ್ತದೆ. ಆ ಬೆಲೆಗೆ ಅಂಗಡಿಯವರು ಒಪ್ಪುವುದಿಲ್ಲ, ಪರವಾಗಿಲ್ಲ. ಎಣ್ಣೆ ಕೊಳ್ಳುವುದನ್ನು ನಿಲ್ಲಿಸಿ, ಮನೆಗಳಲ್ಲಿ ಉಳಿದ ಎಣ್ಣೆ ಎಷ್ಟಿದೆಯೋ ಅಷ್ಟನ್ನೇ ಮಾಡಿ, ಮೊಹಲ್ಲಾದಲ್ಲೇ ಹತ್ತು ರೂಪಾಯಿಗೆ ಮಾರುವುದು ಒಳ್ಳೆಯದು. ಎಣ್ಣೆ ಕೊಟ್ಟ ಮನೆಗೆ ಎರಡು ಬಿಲ್ಲೆ ಹಾಗೇ ಕೊಡಬಹುದು. ಇದು ಸಣ್ಣ ವ್ಯಾಪಾರವೇ, ಆದರೆ ಇದರಲ್ಲಿ ಕೂಲಿ ಹುಟ್ಟುತ್ತದೆ.

ಅದಕ್ಕಿಂತ ಮೊದಲು ಒಂದು ಕಾಗದ ಆಗಬೇಕು. ಪಾಲುದಾರಿಕೆ ಪಾಠ ಓದಿದವರಿಗೆ ನೆನಪಿರಬಹುದು. ಕರಾರು ಇಲ್ಲದಿದ್ದರೆ 1932ರ ಕಾಯಿದೆಯ ಪ್ರಕಾರ ಲಾಭ ಸಮಪಾಲು, ಯಾವ ಪಾಲುದಾರರಿಗೂ ಸಂಬಳವಿಲ್ಲ. ದಿನವಿಡೀ ಕಲಸಿದವರಿಗೂ, ನಾಲ್ಕು ಬಿಲ್ಲೆ ಮಾರಿದವರಿಗೂ ಅಷ್ಟೇ. ತೂಕದ ಯಂತ್ರಕ್ಕೆಂದು ದೊಡ್ಡ ಖಾಲಾ ಸಾಲವಾಗಿ ಕೊಟ್ಟ ದುಡ್ಡಿಗೆ ಮಾತ್ರ ಶೇ 6 ಬಡ್ಡಿ ಸಿಗುತ್ತದೆ. ಹಣಕ್ಕೆ ಬಡ್ಡಿ ಇದೆ, ಕೈಗೆ ಇಲ್ಲ! ಆದ್ದರಿಂದ ಗಂಟೆ ಬರೆದಿಡುವುದು, ಗಂಟೆಗೆ 45 ರೂಪಾಯಿಯಂತೆ ಮೊದಲು ಕೂಲಿ ತೆಗೆದು, ಉಳಿದದ್ದನ್ನು ಹಂಚುವುದು ಎಂದು ಒಂದು ಹಾಳೆಯಲ್ಲಿ ಉರ್ದುವಿನಲ್ಲೂ ಕನ್ನಡದಲ್ಲೂ ಬರೆದಿದ್ದೇನೆ. ನನಗೆ ಹದಿನೇಳು, ಪಾಲುದಾರಳಾಗುವಂತಿಲ್ಲ, ಗುಮಾಸ್ತೆ ಆಗಬಹುದು. ನಾಲ್ವರಲ್ಲಿ ಮೂವರು ಒಪ್ಪಿದ್ದಾರೆ. ಅಮ್ಮಿಗೆ ಹುಷಾರಿಲ್ಲದ ದಿನ ಕಾಸ್ಟಿಕ್ ಕಲಸುವವರು ಯಾರು ಎಂಬ ಸಾಲು ಮಾತ್ರ ಇನ್ನೂ ಖಾಲಿ ಇದೆ. ಆ ಕೆಲಸಕ್ಕೆ ಗಂಟೆಗೆ 45 ಸಾಲದು ಎಂದು ಖಾಲಾಗಳಿಬ್ಬರೂ ಈಗಾಗಲೇ ಹೇಳಿಯಾಗಿದೆ.