ಕೃಷ್ಣೆಯ ಮೀನಿಗೆ ಕಡಲಿನ ಪಂಚಾಂಗವೇಕೆ?

ಮಹಾಬಲೇಶ್ವರ, ಕೊಯ್ನಾ ಘಟ್ಟಗಳಲ್ಲಿ ಮುಂಗಾರು ಎಡೆಬಿಡದೆ ಸುರಿಯುವಾಗ ಜಮಖಂಡಿಯ ಆಕಾಶದಲ್ಲಿ ಬಿಳಿಮೋಡಗಳಷ್ಟೇ ತೇಲುತ್ತಿರುತ್ತವೆ. ಆದರೂ ಹಿಪ್ಪರಗಿಯ ಬಳಿ ಕೃಷ್ಣೆ ಕೆಂಪಗೆ ತಿರುಗುತ್ತಾಳೆ. ಮಳೆಯಿಲ್ಲದ ಊರಿಗೆ ಮಹಾಪೂರ ಬರುವುದು ಬಾಗಲಕೋಟೆ ಜಿಲ್ಲೆಯ ನದಿತೀರದ ಹಣೆಬರಹ. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಅದು ವಿಪತ್ತೇ ಆಯಿತು. ಮನುಷ್ಯರಿಗೆ ಅಂಜಿಕೆ ಹುಟ್ಟಿಸುವ ಈ ಹೊಸನೀರು ಮೀನಿಗೆ ಮಾತ್ರ ವಂಶದ ಕರೆ.

ನಮ್ಮ ದೇಶದ ದೊಡ್ಡ ಗೆಂಡೆಗಳು ನಿಂತ ನೀರಿನಲ್ಲಿ ಕೊಬ್ಬಿ ಬೆಳೆಯುತ್ತವೆ, ಆದರೆ ಅಲ್ಲಿ ಮೊಟ್ಟೆಯಿಡುವುದಿಲ್ಲ. ನೀರು ಹರಿಯಬೇಕು, ಕದಡಬೇಕು, ದಡ ಮೀರಿ ಹುಲ್ಲುನೆಲದ ಮೇಲೆ ತೆಳುವಾಗಿ ಹರಡಬೇಕು. ಹಾಗಾದಾಗ ಒಂದು ಕಿಲೋ ತೂಕದ ರೋಹು 2 ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಒಂದು ದಿನ ಕಳೆಯುವಷ್ಟರಲ್ಲಿ ಅವು ಒಡೆದು ಮರಿಗಳಾಗುತ್ತವೆ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಕೊಳದಲ್ಲೇ ಗೆಂಡೆಗಳಿಗೆ ಮರಿ ಮಾಡಿಸಿದ ಮೇಲೆ ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ಹೊಳೆಯ ಹಂಗು ತಪ್ಪಿತು. ಅವು ಮೂಲತಃ ಗಂಗೆಯ ಕಡೆಯವು. ಮರಿಕೇಂದ್ರಗಳಿಂದ ತಂದು ಇಲ್ಲಿನ ನೀರಿಗೆ ಬಿಡುತ್ತಾರೆ. ಕೃಷ್ಣಾ ಕೊಳ್ಳದ ಸ್ವಂತ ಮೀನುಗಳ ಬಹುಪಾಲಿಗೆ ಅಂಥ ತೊಟ್ಟಿಲು ಇಲ್ಲ. ಅವುಗಳಿಗೆ ಹೊಳೆಯೊಂದೇ ಗತಿ.

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ರಜೆ. ಮಧ್ಯಪ್ರದೇಶ, ಹಿಮಾಚಲ ಪ್ರದೇಶಗಳು ಒಳನಾಡಿನ ನೀರಿಗೂ ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ರಜೆ ಕೊಡುತ್ತವೆ. ತತ್ತ್ವ ಸರಿಯಾದುದೇ. ಆದರೆ ತಾರೀಖನ್ನು ಹಾಗೆಯೇ ಎತ್ತಿ ತಂದು ಬೀಳಗಿಗೆ ಅಂಟಿಸಿದರೆ ಉಪಯೋಗವಿಲ್ಲ. ಇಲ್ಲಿ ಅಪಾಯ ಮೇ ತಿಂಗಳಿನಲ್ಲೇ ಮೊದಲಾಗುತ್ತದೆ. ಕಬ್ಬಿಗೆ ನೀರೆತ್ತಿ ಎತ್ತಿ ಹೊಳೆ ಬತ್ತಿದಾಗ ಮೊಟ್ಟೆ ತುಂಬಿದ ತಾಯಿಮೀನುಗಳೆಲ್ಲ ಉಳಿದ ನಾಲ್ಕು ಮಡುಗಳಲ್ಲಿ ಒತ್ತೊತ್ತಾಗಿ ಸೇರಿರುತ್ತವೆ. ಅಲ್ಲಿ ಬೀಸಿದ ಒಂದು ಬಲೆ ಹತ್ತು ಬಲೆಗೆ ಸಮ. ಮದ್ದು ಸಿಡಿಸುವವರಿಗಂತೂ ಅದು ಸುಗ್ಗಿ. 1897ರ ಕಾಯ್ದೆಯೇ ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತ್ತೆಂಬುದನ್ನು ನೆನಪಿಸುವವರಾರು? ಇನ್ನು ಹೊಸನೀರು ಜುಲೈ ಕೊನೆಗೆ ಬಂದ ವರ್ಷ, ಆಗಸ್ಟ್ 1ರಂದು ಬಲೆ ಇಳಿಸಿದರೆ ಸಿಗುವುದು ಮೀನಲ್ಲ, ಕಣ್ಣು ಬಿಟ್ಟ ಮರಿ.

ಬ್ಯಾರೇಜುಗಳ ಮಾತು ಬೇರೆಯೇ ಇದೆ. ಚಿಕ್ಕಪಡಸಲಗಿಯಲ್ಲಿ ರೈತರು ಸ್ವಂತ ಹಣ, ಸ್ವಂತ ದುಡಿಮೆಯಿಂದ 1989ರಲ್ಲಿ ಕಟ್ಟಿದ ಬ್ಯಾರೇಜು ನಾಡಿಗೇ ಹೆಮ್ಮೆ; ಅದನ್ನು ಹಳಿಯುವುದು ಅನ್ಯಾಯ. ಆದರೆ ಮೇಲಕ್ಕೇರುವ ಮೀನಿಗೆ ಮುಚ್ಚಿದ ಗೇಟು ಗೋಡೆಯೇ. ಗೇಟು ಎತ್ತುವ ಮುನ್ನ ಅದರ ಬುಡದಲ್ಲಿ ಕೂಡುವ ಮೀನುರಾಶಿಯ ಮೇಲೆ ಬಲೆ ಬೀಸುವುದು ಎಲ್ಲೆಡೆ ಕಾಣುವ ನೋಟ. ಹಿಪ್ಪರಗಿಯಿಂದ ಹಿಡಿದು ಘಟಪ್ರಭೆಯ ಮುಧೋಳದವರೆಗೆ ಬ್ಯಾರೇಜಿನ ಕೆಳಗಿನ ಒಂದಷ್ಟು ದೂರವನ್ನಾದರೂ ವರ್ಷವಿಡೀ ಬಲೆ ಮುಟ್ಟದ ತಾಣವೆಂದು ಗುರುತಿಸುವುದು ಕಷ್ಟವೇನಲ್ಲ. ಅತ್ತ ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು ಜುಲೈ ನಂತರ ಹುಲ್ಲು ಬೆಳೆದ ನೆಲವನ್ನು ಆವರಿಸುತ್ತದೆ. ಮರಿಗಳಿಗೆ ಅದಕ್ಕಿಂತ ಒಳ್ಳೆಯ ಮಡಿಲಿಲ್ಲ. ಸೊಳ್ಳೆಪರದೆ ಎಳೆಯುವವರಿಗೂ ಅದಕ್ಕಿಂತ ಸುಲಭದ ಜಾಗವಿಲ್ಲ!

ಆದ್ದರಿಂದ ರಜೆಯ ಆರಂಭ ಮೇ ನಡುವಿನಲ್ಲಿ ನಿಶ್ಚಿತವಾಗಿರಲಿ, ಕೊನೆ ಮಾತ್ರ ಹೊಳೆಯ ಕೈಯಲ್ಲಿರಲಿ: ಹೊಸನೀರು ಹಿಪ್ಪರಗಿ ದಾಟಿದ ದಿನದಿಂದ 60 ದಿನ. ಚಲಿಸುವ ತಾರೀಖನ್ನು ಜಾರಿಗೊಳಿಸಲಾಗದು ಎಂಬ ಆಕ್ಷೇಪ ಬಂದೇ ಬರುತ್ತದೆ. ಆಲಮಟ್ಟಿಯ ಒಳಹರಿವು ಎಷ್ಟು ಕ್ಯೂಸೆಕ್ ಎಂಬುದು ಮಳೆಗಾಲದುದ್ದಕ್ಕೂ ಪತ್ರಿಕೆಗಳಲ್ಲಿ ಬರುತ್ತದೆ, ರಬಕವಿ-ಬನಹಟ್ಟಿಯ ಮಗ್ಗದವರೂ ಅದನ್ನು ಓದುತ್ತಾರೆ. ಅಳತೆ ಇದ್ದೇ ಇದೆ, ಅದನ್ನು ಮೀನಿಗೂ ಅನ್ವಯಿಸಬೇಕಷ್ಟೆ. ಎಲ್ಲ ಮೀನೂ ಇದರಿಂದ ಉಳಿಯುತ್ತದೆಂದಲ್ಲ. ವರ್ಷದಲ್ಲಿ ಹಲವು ಬಾರಿ ಮರಿ ಮಾಡುವ ತಿಲಾಪಿಯಾಕ್ಕೆ ರಜೆಯ ಅಗತ್ಯವೇ ಇಲ್ಲ.

ನಿಜವಾದ ತೊಡಕು ಹೊಟ್ಟೆಯದು. ಆಲಮಟ್ಟಿಯ ಮುಳುಗಡೆಯನ್ನು ಕಂಡ ಅಂಬಿಗರ ಮನೆಗಳಿಗೆ ಮೂರು ನಾಲ್ಕು ತಿಂಗಳು ಬಲೆ ಒಣಗಿಸಿ ಕೂಡಿ ಎನ್ನುವುದು ಘಟ್ಟದ ಮೇಲೆ ಕುಳಿತವರಿಗೆ ಸುಲಭ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ನಿಷೇಧ ಕಾಲದ ನೆರವೆಂದು ಸರ್ಕಾರ 3,000 ರೂಪಾಯಿ, ಮೀನುಗಾರರೇ ಕಟ್ಟಿದ 1,500, ಒಟ್ಟು 4,500 ಮೂರು ತಿಂಗಳಿಗೆ ಸಿಗುತ್ತದೆ. ತಿಂಗಳಿಗೆ 1,500, ಅದರಲ್ಲೂ ಮೂರನೆಯ ಒಂದು ಪಾಲು ಅವರದೇ ದುಡ್ಡು. ಈ ಮೊತ್ತ ಏರದೆ ರಜೆಯನ್ನು ಮಾತ್ರ ಹಿಗ್ಗಿಸಿದರೆ ಕದ್ದು ಹಿಡಿಯುವವರು ಹೆಚ್ಚುತ್ತಾರೆ. ಮಡುವಿನಲ್ಲಿ ಮೊಳಕಾಲುದ್ದದ ನೀರನ್ನಾದರೂ ಉಳಿಸುವ ಹೊಣೆಯನ್ನು ಕಬ್ಬಿನ ಪಂಪುಗಳೂ ಹೊರಬೇಕು. ತ್ಯಾಗವೆಲ್ಲ ಬಲೆಯವನದೇ ಆಗಬಾರದು.

ನೀರು ಬಿಡುವ ಮುನ್ನ ತೀರದ ಊರುಗಳಲ್ಲಿ ದನಕರು ಹೊಳೆಗೆ ಇಳಿಸಬೇಡಿ ಎಂದು ಡಂಗುರ ಸಾರುತ್ತಾರೆ. ಅದೇ ಡಂಗುರದಲ್ಲಿ ಬಲೆಯ ಮಾತನ್ನೂ ಸೇರಿಸಲು ಪಂಚಾಯಿತಿಗೆ ಬೇರೆ ಖರ್ಚು ಬರುವುದಿಲ್ಲ.