ಉಚಿತ ಪಾಠದ ಖರ್ಚು ಯಾರ ಖಾತೆಗೆ?

ಲೆಕ್ಕಪತ್ರದಲ್ಲಿ 'ಉಚಿತ' ಎಂಬ ಕಾಲಂ ಇಲ್ಲ. ಒಬ್ಬರು ಖರ್ಚು ಮಾಡದಿದ್ದರೆ ಇನ್ನೊಬ್ಬರು ಮಾಡಿರುತ್ತಾರೆ. ಕುಶಲಕರ್ಮಿಗಳಿಗೆ ದೂರಶಿಕ್ಷಣದ ಮೂಲಕ ಉಚಿತ ತರಬೇತಿ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ವೃತ್ತಿಬುದ್ಧಿ ಕೇಳುವುದು ಒಂದೇ ಪ್ರಶ್ನೆ: ಹಾಗಾದರೆ ಈ ಖರ್ಚು ಯಾರ ಖಾತೆಗೆ ಬಿತ್ತು?

ಚನ್ನಪಟ್ಟಣವನ್ನೇ ತೆಗೆದುಕೊಳ್ಳಿ. ಅಲ್ಲಿಯ ಗೊಂಬೆಗೆ ಭೌಗೋಳಿಕ ಸೂಚಕದ ಮನ್ನಣೆಯಿದೆ. ನಾವು ಹೊರನಾಡಿನವರು ರಜೆಗೆ ಬಂದಾಗ ಸೂಟ್‌ಕೇಸಿನಲ್ಲಿ ಅದಕ್ಕೊಂದು ಜಾಗವಿದೆ. ಆದರೆ ಅದನ್ನು ಮಾಡುವ ಅನೇಕರಿಗೆ ಸಿಗುವುದು ಗೊಂಬೆಗೆ ಇಷ್ಟು ಎಂಬ ಕೂಲಿ. ಲೇತ್ ನಿಂತರೆ ಕೂಲಿಯೂ ನಿಂತಿತು. ಅವರು ಕಲಿಯಬೇಕಾದದ್ದು ಏನೂ ಇಲ್ಲವೆಂದಲ್ಲ. ಹೊಸ ವಿನ್ಯಾಸ, ಬೆಲೆ ಕಟ್ಟುವ ಕ್ರಮ, ಯುರೋಪಿಗೆ ಮಾರಬೇಕಾದರೆ ಇಎನ್ 71 ಎಂಬ ಆಟಿಕೆ ಸುರಕ್ಷತಾ ಮಾನದಂಡ, ಎಲ್ಲವೂ ಬೇಕು. ಅದಕ್ಕೆ ನಾವು ಕೊಡುವ ಉತ್ತರ: ಮೊಬೈಲಿನಲ್ಲೇ ಕಲಿಯಿರಿ.

ಲೆಕ್ಕ ಹಾಕೋಣ. 40 ಗಂಟೆಯ ಕೋರ್ಸು ಎಂದರೆ ಐದು ದಿನದ ಕೆಲಸ. ದಿನದ ದುಡಿಮೆ 500 ರೂಪಾಯಿ ಎಂದು ಹಿಡಿದರೂ ಕಲಿಯುವವರ ಕೈಬಿಟ್ಟು ಹೋಗುವುದು 2,500 ರೂಪಾಯಿ. ಡೇಟಾ ಬೇರೆ, ಮೌಲ್ಯಮಾಪನಕ್ಕೆ ಊರಿಂದೂರಿಗೆ ಹೋಗುವ ಬಸ್ ಚಾರ್ಜು ಬೇರೆ. ಸಂಸ್ಥೆಯ ಖಾತೆಯಲ್ಲಿ ಉಳಿತಾಯವಾಗಿ ಕಂಡದ್ದು ಇಲ್ಲಿ ನಷ್ಟವಾಗಿ ಕೂತಿದೆ. ರಾತ್ರಿ ನೋಡಬಹುದಲ್ಲ ಎನ್ನುತ್ತಾರೆ ಕೆಲವರು. ದಿನವಿಡೀ ಲೇತಿನ ಮುಂದೆ ಕೂತು ಬಂದು, ಅಡುಗೆ ಮುಗಿಸಿ, ಮಗನ ಕೈಯಲ್ಲಿರುವ ಮನೆಯ ಒಂದೇ ಫೋನಿಗಾಗಿ ಕಾಯುವ ಹೆಂಗಸಿಗೆ ಯಾವ ರಾತ್ರಿ?

ದೂರಶಿಕ್ಷಣವೇ ಕೆಟ್ಟದ್ದು ಎಂಬುದು ನನ್ನ ವಾದವಲ್ಲ. ಸಿ.ಎ. ಕೋರ್ಸೇ ಬಹುಪಾಲು ದೂರಶಿಕ್ಷಣ. ಅಂಚೆಯಲ್ಲಿ ಬಂದ ಪಠ್ಯದ ಕಟ್ಟುಗಳನ್ನು ಓದಿಯೇ ನಾನು ಪಾಸಾದದ್ದು. ಆದರೆ ಪುಸ್ತಕದ ಜೊತೆಗೆ ಹಿರಿಯ ಲೆಕ್ಕಪರಿಶೋಧಕರೊಬ್ಬರ ಕೈಕೆಳಗೆ ಮೂರು ವರ್ಷದ ಆರ್ಟಿಕಲ್‌ಶಿಪ್ ಇತ್ತು. ಅಲ್ಪವಾದರೂ ಸ್ಟೈಪೆಂಡ್ ಇತ್ತು. ಪರೀಕ್ಷೆಗೆ ರಜೆ ಇತ್ತು. ಕೊನೆಗೆ ಸಿಕ್ಕ ಪ್ರಮಾಣಪತ್ರಕ್ಕೆ ಕಾನೂನಿನ ಬಲವಿತ್ತು: ಕಂಪನಿಯ ಆಡಿಟ್ ವರದಿಗೆ ಸಹಿ ಹಾಕುವ ಹಕ್ಕು ಸಿ.ಎ.ಗೆ ಮಾತ್ರ. ಈ ನಾಲ್ಕನ್ನೂ ಕಿತ್ತುಹಾಕಿ ಬರೀ ಪುಸ್ತಕದ ಕಟ್ಟು ಕಳಿಸಿದ್ದರೆ ನಮ್ಮಲ್ಲಿ ಎಷ್ಟು ಜನ ಸಿ.ಎ. ಆಗುತ್ತಿದ್ದೆವು? ಕುಶಲಕರ್ಮಿಗೆ ನಾವು ಕಳಿಸುತ್ತಿರುವುದು ಆ ಬರೀ ಕಟ್ಟನ್ನು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಎಷ್ಟು ಒತ್ತಬೇಕು, ಉಜ್ಜಾಟದ ಬಿಸಿಗೆ ಬಣ್ಣ ಯಾವಾಗ ಹರಡುತ್ತದೆ ಎಂಬುದು ಬೆರಳಿಗೆ ತಿಳಿಯಬೇಕಾದ ಪಾಠ. ಪರದೆಗೆ ಬೆರಳಿಲ್ಲ.

ನಾನಿರುವ ಜರ್ಮನಿಯಲ್ಲೂ ಗೊಂಬೆಗಳ ಊರೊಂದಿದೆ, ಸ್ಯಾಕ್ಸನಿಯ ಜೈಫನ್. ಮರದ ಆಟಿಕೆ ತಯಾರಿಸುವುದು ಇಲ್ಲಿ ಮೂರು ವರ್ಷ ಕಲಿಯಬೇಕಾದ, ಸರ್ಕಾರದ ಮನ್ನಣೆ ಪಡೆದ ಕಸುಬು. ಕಲಿಯುವವರಿಗೆ ಮಾಲೀಕ ತಿಂಗಳ ಭತ್ಯೆ ಕೊಡಬೇಕು. ಶಾಲೆಗೆ ಹೋದ ದಿನದ್ದನ್ನು ಕತ್ತರಿಸಿಕೊಳ್ಳುವಂತಿಲ್ಲ. ಕಲಿಕೆಯೂ ದುಡಿಮೆಯೇ ಎಂದು ಕಾನೂನು ಒಪ್ಪಿದೆ.

ನಮ್ಮ ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆ ಗೊಂಬೆ ತಯಾರಕರೂ ಸೇರಿ 18 ಕಸುಬುಗಳವರಿಗೆ ತರಬೇತಿಯ ದಿನಕ್ಕೆ 500 ರೂಪಾಯಿ ಕೊಡುತ್ತದೆ. ಒಳ್ಳೆಯದು. ಆದರೆ ಅದು ಸ್ವಂತ ಉದ್ಯೋಗದವರಿಗೆ, ಅದೂ ಮನೆಗೊಬ್ಬರಿಗೆ. ಇನ್ನೊಬ್ಬರ ಕಾರ್ಖಾನೆಯಲ್ಲಿ ಕೂಲಿಗೆ ಕೂತವರು ಹೊರಗೇ ಉಳಿದರು. ತರಬೇತಿ ಕೇಂದ್ರಕ್ಕೆ ಬಂದವರ ಸಮಯಕ್ಕೆ ಬೆಲೆಯುಂಟು ಎಂದ ಮೇಲೆ, ಮನೆಯಲ್ಲಿ ಫೋನು ಹಿಡಿದು ಕಲಿಯುವವರ ಸಮಯ ಏಕೆ ಬಿಟ್ಟಿ?

ಇನ್ನು ಪ್ರಮಾಣಪತ್ರ. ಅದನ್ನು ತೋರಿಸಿದರೆ ವ್ಯಾಪಾರಿ ಗೊಂಬೆಗೆ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲವಾದರೆ, ಅದು ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ.

ಹೊರನಾಡ ಕನ್ನಡಿಗರಿಗೆ ನೆರವಾಗುವ ಮನಸ್ಸು ಬಂದಾಗ ಮೊದಲು ಹೊಳೆಯುವುದು ಟ್ಯಾಬ್ಲೆಟ್ ದಾನ. ಫೋಟೋ ಚೆನ್ನಾಗಿ ಬರುತ್ತದೆ. ಅದೇ ಹಣದಲ್ಲಿ ಕಲಿಯುವವರಿಗೆ ಕಲಿಕೆಯ ದಿನಗಳ ಕೂಲಿ ಕೊಡಿ. ಪಕ್ಕದ ಕಾರ್ಖಾನೆಯ ಹಿರಿಯ ಕಸುಬುದಾರರಿಗೆ ಗುರುವಿನ ಸಂಬಳ ಕೊಡಿ. ಪರೀಕ್ಷೆ ಅವರ ಊರಿನಲ್ಲೇ, ಕನ್ನಡದಲ್ಲೇ, ಲೇತಿನ ಮುಂದೆಯೇ ನಡೆಯಲಿ ಎಂದು ಒತ್ತಾಯಿಸಿ. ವಿಡಿಯೋ ಆಮೇಲೆ ಬರಲಿ, ಗುರುವಿನ ಪಾಠವನ್ನು ಮತ್ತೆ ನೆನಪಿಸಿಕೊಳ್ಳಲು.

ಅಷ್ಟು ಕೊಡಲಾಗದಿದ್ದರೆ 'ಉಚಿತ' ಎಂಬ ಪದವನ್ನಾದರೂ ಹಿಂತೆಗೆದುಕೊಳ್ಳೋಣ. ಕಾಸು ಕೊಟ್ಟವರು ಅವರು. ದಾನಿಗಳ ಪಟ್ಟಿಯಲ್ಲಿ ನಮ್ಮ ಹೆಸರು ಬರೆದುಕೊಳ್ಳುವುದು ತಪ್ಪು ಲೆಕ್ಕ.